ಹಗುರ ಬ್ಯಾಗು ಅಂತ ಹೇಳಿ ಹಳೇ ಮಾಲು ಕೊಟ್ರು, ಟ್ರೆಕ್ಕಿಂಗ್‌ಗೆ ಬ್ಯಾಗ್ ತಗೊಳ್ಳೋರು ದಯವಿಟ್ಟು ಓದಿ

ಜಯನಗರದ ಕಡೆ ಒಂದು ಅಂಗಡಿಯಲ್ಲಿ 980 ಗ್ರಾಂ ಅಂತ ಹೇಳಿ ನನಗೆ ಕೊಟ್ಟ ಬ್ಯಾಗು ನಿಜವಾಗಿ ತೂಗೋದು 1 ಕೆಜಿ 710 ಗ್ರಾಂ. ಹೊಸ ಸ್ಟಾಕು ಅಂತ ಕೊಟ್ಟಿದ್ದು 2017ರಲ್ಲಿ ತಯಾರಾದ ಮಾಲು. ತಗೊಂಡಿದ್ದು 8,400 ರೂಪಾಯಿ. ಈಗ ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂತಿದಾನೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೀತಿದೀನಿ. ಕೋಪದಲ್ಲೇ ಬರೀತಿದೀನಿ, ಹಿಂದೆ ಮುಂದೆ ಆಗಿದ್ರೆ ಸಹಿಸ್ಕೊಳ್ಳಿ.

ಮುಂದಿನ ವರ್ಷ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ ಹೋಗಬೇಕು ಅಂತ ನಾವು ಕೆಲವರು ದುಡ್ಡು ಕೂಡಿಸ್ತಿದೀವಿ. ಅಲ್ಲಿ ಬೆಟ್ಟಸಾಲು ದಾಟೋ ತೊರಾಂಗ್ ಲಾ ಅನ್ನೋ ಪಾಸ್ 5,416 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಬೆನ್ನ ಮೇಲಿನ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತೆ. ರಾತ್ರಿ ಲಾಡ್ಜ್‌ಗಳಲ್ಲೇ ಉಳ್ಕೊಳ್ಳೋದ್ರಿಂದ ಟೆಂಟ್ ಬೇಡ, 45 ಲೀಟರಿನ ಹಗುರ ಬ್ಯಾಗು ಸಾಕು. ಇದನ್ನೆಲ್ಲ ತಿಳ್ಕೊಂಡೇ ಅಂಗಡಿಗೆ ಹೋಗಿದ್ದೆ, ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ. ತೂಕ ಎಷ್ಟು ಅಂತ ಕೇಳಿದೆ. ಟ್ಯಾಗ್ ತೋರಿಸಿ "ನೋಡಿ ಮೇಡಂ, ಒಂದು ಕೆಜಿನೂ ಇಲ್ಲ" ಅಂದ. ಬೆನ್ನಿನ ಅಳತೆ ತಗೊಳ್ಳಿ ಅಂದೆ. "ಫ್ರೀ ಸೈಜ್ ಮೇಡಂ, ಲೇಡೀಸ್ ಎಲ್ಲಾ ಇದನ್ನೇ ತಗೊಳ್ಳೋದು" ಅಂದ. ಒಳಗಿಂದ ಹುಳಿ ವಾಸನೆ ಬರ್ತಿದೆಯಲ್ಲ ಅಂದೆ. "ಪ್ಯಾಕಿಂಗ್ ವಾಸನೆ, ಹೊಸ ಮಾಲು ಅಲ್ವಾ, ಬಿಸಿಲಿಗೆ ಹಾಕಿದ್ರೆ ಹೋಗುತ್ತೆ." ವಾಟರ್‌ಪ್ರೂಫಾ? "ನೂರಕ್ಕೆ ನೂರು." ಎಲ್ಲದಕ್ಕೂ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದ. ಒಂದೂ ನಿಜ ಅಲ್ಲ. ಒಂದೂ.

ಅಭ್ಯಾಸ ಆಗಲಿ ಅಂತ ಅಕ್ಟೋಬರ್‌ನಲ್ಲಿ ಆಫೀಸಿನವರ ಜೊತೆ ಕುಮಾರ ಪರ್ವತಕ್ಕೆ ಹೊರಟೆ. ಬ್ಯಾಗಿಗೆ ನೇಪಾಳಕ್ಕೆ ಒಯ್ಯೋಷ್ಟೇ ತೂಕ ತುಂಬಿದ್ದೆ, ಸುಮಾರು 9 ಕೆಜಿ. ಕುಕ್ಕೆ ಕಡೆಯಿಂದ ಹತ್ತಿದವರಿಗೆ ಆ ಕಾಡಿನ ದಾರಿ ಗೊತ್ತಿರುತ್ತೆ, ಶುರುವಿನಿಂದಲೇ ಏರು, ಕಾಲಡಿ ಬೇರು, ಬೆವರು ನಿಲ್ಲಲ್ಲ. ಸ್ವಲ್ಪ ದೂರದಲ್ಲೇ ಭುಜ ಉರಿಯೋಕೆ ಶುರುವಾಯ್ತು. ಸೊಂಟದ ಬೆಲ್ಟು ಸೊಂಟದ ಮೂಳೆ ಮೇಲೆ ಕೂರಲೇ ಇಲ್ಲ, ಎಷ್ಟು ಬಿಗಿದರೂ ತೊಡೆ ಕಡೆಗೆ ಜಾರ್ತಿತ್ತು. ಒಳ್ಳೆ ಬ್ಯಾಗಿನಲ್ಲಿ ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಹೋಗಬೇಕು, ಭುಜಕ್ಕೆ ಬರೋದು ಸ್ವಲ್ಪ ಮಾತ್ರ. ನನಗೆ ಪೂರ್ತಿ ಭುಜಕ್ಕೇ ಬಂತು. ಆಮೇಲೆ ಎಡಗಡೆ ಪಟ್ಟಿ ಹೊಲಿಗೆಯ ಹತ್ರ ಬಿಟ್ಕೊಂಡು ಬಂತು. ಮಳೆ ಒಂದು ಹದಿನೈದು ನಿಮಿಷ ಬಂದಿರಬೇಕು ಅಷ್ಟೆ, ಒಳಗಿದ್ದ ಸ್ಲೀಪಿಂಗ್ ಬ್ಯಾಗ್ ಒದ್ದೆ.

ಕಿರಿಯ ಹುಡುಗನೊಬ್ಬ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು, "ಕೊಡಿ ಅಕ್ಕ" ಅಂತ ನನ್ನ ಸಾಮಾನು ಅರ್ಧ ತನ್ನ ಬ್ಯಾಗಿಗೆ ತುಂಬ್ಕೊಂಡ. ಪಟ್ಟಿಗೆ ಹಗ್ಗ ಕಟ್ಟಿ ಹೇಗೋ ದಾರಿ ಮಧ್ಯೆ ಸಿಗೋ ಭಟ್ಟರ ಮನೆ ತಲುಪಿದ್ವಿ. ಅಲ್ಲಿಂದ ಮೇಲೆ ಹೋಗೋ ಹಾಗಿರಲಿಲ್ಲ. ನನ್ನಿಂದಾಗಿ ಎಲ್ಲರೂ ವಾಪಸ್ ಇಳಿದ್ರು. ಯಾರೂ ಏನೂ ಅನ್ನಲಿಲ್ಲ, ಆದ್ರೆ ಬಸ್ಸಿನಲ್ಲಿ ನನಗೆ ಯಾರ ಮುಖ ನೋಡೋಕೂ ಆಗಲಿಲ್ಲ. ಅಷ್ಟು ಜನ ರಜಾ ಹಾಕಿ ಬಂದಿದ್ರು. ಇದನ್ನ ಬರೆಯುವಾಗಲೂ ನಾಚಿಕೆ ಆಗ್ತಿದೆ.

ಮನೆಗೆ ಬಂದು ಬ್ಯಾಗ್ ಖಾಲಿ ಮಾಡಿದ್ರೆ ಬಟ್ಟೆ ಮೇಲೆಲ್ಲ ಬಿಳೀ ಪೊರೆ, ಕಡ್ಲೆಕಾಯಿ ಸಿಪ್ಪೆ ಥರ ಉದುರ್ತಿದೆ. ಒಳಮೈ ಮುಟ್ಟಿದ್ರೆ ಅಂಟಂಟು. ನೈಲಾನ್ ಬಟ್ಟೆಗೆ ಒಳಗಿಂದ ಹಚ್ಚೋ ಪಾಲಿಯುರೆಥೇನ್ ಲೇಪ ತೇವಕ್ಕೆ ವರ್ಷಗಟ್ಟಲೆ ಸಿಕ್ಕಿದ್ರೆ ಹೀಗೇ ಕೆಡೋದು. ಮೊದಲು ಹುಳಿ ವಾಸನೆ, ಆಮೇಲೆ ಅಂಟು, ಆಮೇಲೆ ಪೊರೆ ಏಳುತ್ತೆ. ಅಂಗಡಿಯಲ್ಲಿ ನಾನು ಕೇಳಿದ ವಾಸನೆ ಅದೇ!

ಆಗ ಟ್ಯಾಗ್ ಕೈಗೆತ್ಕೊಂಡೆ. 980 ಗ್ರಾಂ ಅಂತ ಇದ್ದದ್ದು ಬಿಳೀ ಸ್ಟಿಕ್ಕರ್ ಮೇಲೆ. ಅದರ ಒಂದು ಮೂಲೆ ಮಳೆಗೆ ನೆಂದು ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಎತ್ತಿದೆ. ಅಡಿಯಲ್ಲಿ ಕಂಪನಿಯೇ ಅಚ್ಚು ಹಾಕಿದ್ದು: 1.7 ಕೆಜಿ. ಅದರ ಕೆಳಗೆ ಸೈಜ್ ಎಲ್. ಅದರ ಕೆಳಗೆ ತಯಾರಾದ ತಿಂಗಳು, ವರ್ಷ, 2017. ಮೂರನ್ನೂ ಸರಿಯಾಗಿ ಮುಚ್ಚೋ ಅಳತೆಗೆ ಸ್ಟಿಕ್ಕರ್ ಕತ್ತರಿಸಿದ್ರು. ಅಂದ್ರೆ ಕೂತು ಮಾಡಿದ ಕೆಲಸ. ನನ್ನೊಬ್ಬಳಿಗೇ ಅಂತ ಮಾಡಿರಲ್ಲ, ಇನ್ನೆಷ್ಟು ಜನಕ್ಕೆ ಕೊಟ್ಟಿದಾರೋ. ಕೈ ನಡುಗ್ತಿತ್ತು ನನಗೆ. ಕೆಳಗಿನ ಕಿರಾಣಿ ಅಂಗಡಿಗೆ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು ಫೋಟೋ ತೆಗೆದೆ. 1.710.

ಫೋಟೋ ಎಲ್ಲ ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಅವನ ಉತ್ತರಗಳನ್ನ ಇದ್ದ ಹಾಗೇ ಹಾಕ್ತಿದೀನಿ.

"ಮೇಡಂ, 980 ಅನ್ನೋದು ಫ್ರೇಮ್ ತೆಗೆದ ತೂಕ." ಫ್ರೇಮ್ ಅಂದ್ರೆ ಬೆನ್ನ ಕಡೆ ಬ್ಯಾಗನ್ನ ನೆಟ್ಟಗೆ ಹಿಡಿಯೋ ಚೌಕಟ್ಟು. ಅದನ್ನ ಒಳಗೇ ಹೊಲಿದುಬಿಟ್ಟಿದೆ, ತೆಗೆಯೋಕೆ ದಾರಿ ತೋರ್ಸಿ ಅಂತ ವೀಡಿಯೋ ಕಳಿಸಿದೆ. ಅದಕ್ಕೆ ಉತ್ತರ ಇಲ್ಲ. ಮಾರನೇ ದಿನ, "ಸ್ಟಿಕ್ಕರ್ ಕೆಲಸದ ಹುಡುಗ ತಪ್ಪಾಗಿ ಅಂಟಿಸಿದಾನೆ." ಸಂಜೆ, "ನೀವು ಓವರ್‌ಲೋಡ್ ಮಾಡಿದೀರ." 45 ಲೀಟರಿನ ಬ್ಯಾಗಿಗೆ 9 ಕೆಜಿ ಓವರ್‌ಲೋಡಾ? ಕೊನೆಗೆ, "ಬಿಲ್‌ನಲ್ಲೇ ಬರೆದಿದೆ, ಮಾರಿದ ಮಾಲು ವಾಪಸ್ ಇಲ್ಲ. ಬೇಕಿದ್ರೆ ಅರ್ಧ ದುಡ್ಡಿಗೆ ಬೇರೆ ಸಾಮಾನು ತಗೊಳ್ಳಿ, ಆದ್ರೆ ಟ್ಯಾಗ್ ತಂದುಕೊಡಿ." ಟ್ಯಾಗ್ ಯಾಕೆ ಬೇಕು ಇವನಿಗೆ? ನನಗೆ ಅರ್ಥ ಆಯ್ತು. ಕೊಡಲಿಲ್ಲ, ಕೊಡೋದೂ ಇಲ್ಲ.

"ವಾಪಸ್ ಇಲ್ಲ" ಅಂತ ಅಚ್ಚು ಹಾಕಿದ್ರೆ ಎಲ್ಲ ಮುಗೀತು ಅಂತ ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷ ಇರೋ ಮಾಲನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ರೆ 30 ದಿನದೊಳಗೆ ವಾಪಸ್ ತಗೊಂಡು ದುಡ್ಡು ಕೊಡೋಕೆ ಒಪ್ಪದೇ ಇರೋದನ್ನ ಅನ್ಯಾಯದ ವ್ಯಾಪಾರ ಪದ್ಧತಿ ಅಂತಲೇ ಸೇರಿಸಿದಾರೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ.

ಬ್ಯಾಗ್ ತಗೊಳ್ಳೋಕೆ ಹೋಗೋರಿಗೆ ಇಷ್ಟು. ತಕ್ಕಡಿ ಮೇಲೆ ಇಡಿಸಿ, ಒಪ್ಪದಿದ್ರೆ ಎದ್ದು ಬನ್ನಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬೋ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿದು ಬೆನ್ನಿನ ಉದ್ದ ಅಳೆಸಿ. ನೀವು ಎಷ್ಟು ಎತ್ತರ ಇದೀರ ಅನ್ನೋದು ಲೆಕ್ಕ ಅಲ್ಲ, ಬೆನ್ನು ಎಷ್ಟು ಉದ್ದ ಅನ್ನೋದೇ ಲೆಕ್ಕ. "ಫ್ರೀ ಸೈಜ್" ಅಂದವನ ಹತ್ರ ತಗೊಳ್ಳಲೇಬೇಡಿ. 8-10 ಕೆಜಿ ತುಂಬಿಸಿ ಅಂಗಡಿಯೊಳಗೇ ಸ್ವಲ್ಪ ಹೊತ್ತು ಓಡಾಡಿ. ಒಳಮೈ ಉಜ್ಜಿ, ಮೂಸಿ ನೋಡಿ. ಫ್ರೇಮೇ ಇಲ್ಲದ ತೀರಾ ಹಗುರ ಬ್ಯಾಗು ಹೊಗಳಿದ್ರೆ, ಎಂಟೊಂಬತ್ತು ಕೆಜಿ ದಾಟಿದ ಮೇಲೆ ಅದು ಭುಜ ಕೊಯ್ಯುತ್ತೆ ಅನ್ನೋದು ನೆನಪಿರಲಿ.

ಜಯನಗರದ ಕಡೆ ಈ ವರ್ಷ ಕಡುಹಸಿರು ಬಣ್ಣದ, ಕಿತ್ತಳೆ ಜಿಪ್ಪಿನ 45 ಲೀಟರ್ ಬ್ಯಾಗು ತಗೊಂಡವರು ಯಾರಾದ್ರೂ ಇದ್ರೆ ಟ್ಯಾಗ್ ಬಿಸಾಡಬೇಡಿ. ಮೊದಲು ಸ್ಟಿಕ್ಕರ್ ಇದ್ದ ಹಾಗೆ ಒಂದು ಫೋಟೋ, ಆಮೇಲೆ ಎತ್ತಿ ಇನ್ನೊಂದು ಫೋಟೋ ತೆಗೆದು ಬಿಲ್ ಜೊತೆ ಇಟ್ಕೊಂಡು ನನಗೆ ಹೇಳಿ. ಒಬ್ಬಳೇ ಕೇಳಿದ್ರೆ "ಕೆಲಸದ ಹುಡುಗನ ತಪ್ಪು" ಅಂತಾನೆ, ನಾಲ್ಕು ಜನ ಕೇಳಿದ್ರೆ ಏನಂತಾನೋ ನೋಡೋಣ.