ಹಳೇ ಪೆಟ್ರೋಲ್ ಟ್ಯಾಂಕಿನ ಜಾಗ, ಮಣ್ಣು-ನೀರಿನ ತಪಾಸಣೆ: ಐದಕ್ಕೆ ಮೂರೂವರೆ

ನಾನು ಮರಗೆಲಸದವನು. ವರ್ಕ್‌ಶಾಪಿಗೆ ಅಂತ ಒಂದು ಹಳೇ ಗ್ಯಾರೇಜ್ ಕೊಂಡೆ. ಅದರ ಅಂಗಳದ ನೆಲದೊಳಗೆ ಹಿಂದೆ ಪೆಟ್ರೋಲ್ ಟ್ಯಾಂಕ್ ಇತ್ತಂತೆ. "ಎತ್ತಿಸಿ ಎಷ್ಟೋ ವರ್ಷವಾಯ್ತು, ಇನ್ನೇನು ತೊಂದರೆ?" ಅಂದರು ಮಾರಿದವರು. ಆದರೆ ಮಳೆ ಬಂದ ಮರುದಿನ ಒಂದು ಮೂಲೆಯಲ್ಲಿ ತೆಳ್ಳಗೆ ವಾಸನೆ. ವಾರ್ನಿಷ್, ಟರ್ಪೆಂಟೈನ್ ನಡುವೆ ಬೆಳೆದ ಮೂಗು ನನ್ನದು, ಸುಮ್ನಿರಲಿಲ್ಲ. ಮಣ್ಣು ಮತ್ತು ಅಂತರ್ಜಲ ತಪಾಸಣೆ ಮಾಡುವ ಕಂಪನಿಯೊಂದನ್ನು ಕರೆಸಿದೆ. ಹೆಸರು ಬೇಡ.

ಮೊದಲ ದಿನ ನನಗೆ ಬಹಳ ಹಿಡಿಸಿತು. ಬಂದವರು ಇಬ್ಬರು, ಒಬ್ಬ ಭೂವಿಜ್ಞಾನದ ಹುಡುಗ, ಒಬ್ಬರು ರಿಗ್ ಅಂದರೆ ನೆಲ ಕೊರೆಯುವ ಯಂತ್ರ ನಡೆಸುವ ಹಿರಿಯರು. ಹುಡುಗ ನೆಲ ನೋಡುವ ಮೊದಲು ಗೋಡೆ ನೋಡಿದ. ಬಣ್ಣದಡಿ ಮುಚ್ಚಿಹೋಗಿದ್ದ ಒಂದು ಕೊಳವೆ ತೋರಿಸಿ, "ಸಾರ್, ಇದು ಟ್ಯಾಂಕಿನ ಗಾಳಿಕೊಳವೆ. ಇದರ ಜಾಡು ಹಿಡಿದರೆ ಟ್ಯಾಂಕ್ ಎಲ್ಲಿತ್ತು ಅಂತ ಸಿಗುತ್ತೆ" ಅಂದ. ಮೂರು ಸಲ ಆ ಗೋಡೆಗೆ ಸುಣ್ಣ ಬಳಿಸಿದವನು ನಾನು! ಪಂಪ್ ಇದ್ದ ಜಾಗ, ಪೈಪ್ ಹೋದ ದಾರಿ ಎರಡನ್ನೂ ಗುರುತು ಹಾಕಿಕೊಂಡ. ಸೋರಿಕೆ ಟ್ಯಾಂಕಿನಿಂದಲೇ ಆಗಬೇಕಿಲ್ಲ, ಪೈಪ್ ಜೋಡಣೆಗಳಿಂದಲೂ ಆಗುತ್ತದೆ. ಒಳಗೆ ಕೇಬಲ್ ಇದ್ದರೆ ಕಷ್ಟ ಅಂತ ಮೊದಲ ಒಂದೂವರೆ ಮೀಟರ್ ಕೈಯಲ್ಲೇ ಕೊರೆದರು.

ಮಣ್ಣು ಮೇಲೆ ಬಂದಾಗ ನೋಡಬೇಕಿತ್ತು. ಮೂರು ಮೀಟರ್‌ವರೆಗೆ ಕಂದು ಜೇಡಿ. ಅಲ್ಲಿಂದ ಕೆಳಗೆ ಹಸಿರು ಬೆರೆತ ಬೂದು, ಜೊತೆಗೆ ವಾಸನೆ. ಹುಡುಗ ಚೂರು ಚೂರು ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಪಿಐಡಿ ಅನ್ನುವ ಆವಿ ಅಳೆಯುವ ಯಂತ್ರದ ಮೂತಿ ತೂರಿಸಿದ. ಮೇಲಿನ ಮಣ್ಣಿಗೆ 4, ನೀರಿನ ಮಟ್ಟದ ಹತ್ತಿರ 600 ದಾಟಿತು. ಇದು ಪೆಟ್ರೋಲಿನಲ್ಲಿರುವ ವಿಷಕಾರಿ ಬೆಂಜೀನೋ ಬೇರೆಯದೋ ಅಂತ ಯಂತ್ರ ಹೇಳಲ್ಲ, ಯಾವ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಅಂತ ಮಾತ್ರ ತಿಳಿಯುತ್ತೆ ಅಂದ.

ನೀರಿನ ಮಾದರಿ ಹಿಡಿದ ರೀತಿಗೆ ಪೂರ್ತಿ ಅಂಕ. 40 ಮಿಲಿಲೀಟರಿನ ಪುಟ್ಟ ಗಾಜಿನ ಬಾಟಲಿ. ನೀರು ಬಾಯಿಯಿಂದ ಉಬ್ಬಿ ನಿಲ್ಲುವಷ್ಟು ತುಂಬಿ ಮುಚ್ಚಳ ಹಾಕಿದ, ತಲೆಕೆಳಗು ಮಾಡಿ ತಟ್ಟಿದ. ಗುಳ್ಳೆ ಕಂಡರೆ ಮತ್ತೆ ಹೊಸ ಬಾಟಲಿ. ಬೆಂಜೀನ್ ಗುಳ್ಳೆಯೊಳಗೆ ಹಾರಿಬಿಡುತ್ತದೆ, ಆಮೇಲೆ ಲ್ಯಾಬ್ ಕೊಡುವ ಅಂಕಿ ಕಡಿಮೆ ಬರುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇನ್ನೊಂದು ಬಾಟಲಿ ಇತ್ತು, ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ಬಂದದ್ದು. ಅದನ್ನು ತೆರೆಯದೆ ವಾಪಸ್ ಕಳಿಸಿದರು. ಒಳ್ಳೇ ನೀರು ಪರೀಕ್ಷಿಸಲು ನಾನ್ಯಾಕೆ ದುಡ್ಡು ಕೊಡಬೇಕು ಅಂತ ಕೇಳಿಯೇಬಿಟ್ಟೆ. ದಾರಿಯಲ್ಲಿ ಏನಾದರೂ ಆವಿ ಬಾಟಲಿಗಳೊಳಗೆ ನುಗ್ಗಿತಾ ಅಂತ ತಿಳಿಯಲು ಅದೇ ಸಾಕ್ಷಿಯಂತೆ. ಬಾಯಿ ಮುಚ್ಚಿಕೊಂಡೆ.

ಅಂತರ್ಜಲ ಯಾವ ಕಡೆ ಹರಿಯುತ್ತೆ ಅಂತ ತಿಳಿಯಲು ಮೂರು ಮಾನಿಟರಿಂಗ್ ಬಾವಿ, ಅಂದರೆ ನೀರಿನ ಮಟ್ಟ ಅಳೆದು ಮಾದರಿ ತೆಗೆಯುವ ಸಣ್ಣ ಕೊಳವೆಬಾವಿ ಕೊರೆದರು, ಒಂದೇ ಸಾಲಿನಲ್ಲಿ ಅಲ್ಲ, ತ್ರಿಕೋನವಾಗಿ.

ಈಗ ಅಂಕ ಕಳೆದ ಕಥೆ. ವರದಿ ಹೇಳಿದ ದಿನಕ್ಕಿಂತ ಮೂರು ವಾರ ತಡ. ದಪ್ಪ ಪುಸ್ತಕ, ನನಗೆ ಬೇಕಾದ ಮಾತು ಅರ್ಧ ಪುಟ. ಟ್ಯಾಂಕಿನ ಪಕ್ಕದ ಬಾವಿಯಲ್ಲಿ ಬೆಂಜೀನ್ ಲೀಟರಿಗೆ 300 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10. ಅದರ ಕೆಳಗೇ "ತೇಲುವ ಇಂಧನ ಕಂಡುಬಂದಿಲ್ಲ" ಅಂತ ಒಂದು ಸಾಲು. ಕರಗಿದ್ದು ಇಷ್ಟಿದೆ, ತೇಲುವುದು ಒಂದು ಹನಿಯೂ ಇಲ್ಲವಾ?

ನಕ್ಷೆ ಓದುವುದು ನನ್ನ ಕಸುಬು. ಬಾವಿಯ ಚಿತ್ರ ತೆಗೆದೆ. ನೀರಿನ ಮಟ್ಟ 3.9 ಮೀಟರ್. ನೀರು ಒಳಗೆ ಬರುವ ಕೊಳವೆಯ ಸೀಳುಗಳು ಶುರುವಾಗುವುದು 5 ಮೀಟರ್‌ನಲ್ಲಿ, ಅದರ ಮೇಲೆಲ್ಲ ಬೆಂಟೊನೈಟ್ ಜೇಡಿಯ ಬಿರಡೆ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮೇಲೇ ಕೂರುತ್ತದೆ. ಕಿಟಕಿ ಇಟ್ಟಿದ್ದು ಒಂದು ಮೀಟರ್ ಕೆಳಗೆ, ಆಮೇಲೆ ಏನೂ ಕಾಣಿಸಲಿಲ್ಲ ಅಂದರೆ?

ಫೋನ್ ಮಾಡಿದೆ. ಆಫೀಸಿನವರು ಮೊದಲು "ಅದೇನೂ ಜಾಸ್ತಿ ವ್ಯತ್ಯಾಸ ಆಗಲ್ಲ" ಅಂದರು. ನಾನು ಚಿತ್ರದ ಮೇಲೆ ಪೆನ್ಸಿಲ್ ಗೆರೆ ಎಳೆದು ಕಳಿಸಿದೆ. ಎರಡು ದಿನ ಮೌನ. ಮೂರನೇ ದಿನ ಹುಡುಗನೇ ಫೋನ್ ಮಾಡಿ, "ತಪ್ಪು ನಮ್ಮದೇ ಸಾರ್" ಅಂದ. ಅವರ ಖರ್ಚಿನಲ್ಲೇ ಪಕ್ಕದಲ್ಲಿ ಹೊಸ ಬಾವಿ ಕೊರೆದರು, ಈ ಸಲ ಸೀಳುಗಳು ನೀರಿನ ಮಟ್ಟದ ಮೇಲೂ ಕೆಳಗೂ. ಒಂದು ವಾರ ಬಿಟ್ಟು ಇಂಧನ ಗುರುತಿಸುವ ಟೇಪ್ ಇಳಿಸಿದಾಗ ಒಂದು ಬಗೆಯ ಬೀಪ್, ಸ್ವಲ್ಪ ಕೆಳಗೆ ಇನ್ನೊಂದು ಬಗೆಯದು. ನಡುವೆ ನಾಲ್ಕು ಸೆಂಟಿಮೀಟರ್ ಪೆಟ್ರೋಲ್. ಬಾವಿಯಲ್ಲಿ ಕಂಡ ದಪ್ಪವೇ ಮಣ್ಣಿನಲ್ಲೂ ಇದೆ ಅಂತ ತಿಳಿಯಬೇಡಿ, ಎರಡೂ ಒಂದೇ ಅಲ್ಲ ಅಂತ ಅವನೇ ಎಚ್ಚರಿಸಿದ.

ನೀರಿನ ಮಟ್ಟ ಏರಿಳಿಯುವುದರಿಂದ ಬೇರೆ ಋತುವಿನಲ್ಲಿ ಇನ್ನೊಂದು ಸುತ್ತು ಅಳೆಯಬೇಕು, ಹೊಳೆಯ ಕಡೆಗೆ ಇನ್ನೊಂದು ಬಾವಿಯೂ ಬೇಕಂತೆ. ಇವರನ್ನೇ ಕರೆದಿದ್ದೇನೆ. ರಿಗ್ ಬರುವ ಮೊದಲು ಬಾವಿಯ ಚಿತ್ರ ನನ್ನ ಮೇಜಿನ ಮೇಲೆ ಇರಬೇಕು ಅಂತ ಬರೆದು ಸಹಿ ಹಾಕಿಸಿಕೊಂಡೇ.