ಜಾಝ್ ಬೆರೆತ ಬ್ಲೂಗ್ರಾಸ್: ಯಾವುದರಿಂದ ಶುರು ಮಾಡುವುದು?

ಬ್ಲೂಗ್ರಾಸ್ ಅಂದರೆ ತಂತಿವಾದ್ಯಗಳೇ ಮುಖ್ಯವಾದ ಅಮೆರಿಕದ ಹಳ್ಳಿಗಾಡಿನ ಸಂಗೀತ. ಅದಕ್ಕೆ ಜಾಝ್ ಬೆರೆತ ಮೂರು ಆಲ್ಬಮ್‌ಗಳಲ್ಲಿ ಯಾವುದನ್ನು ಮೊದಲು ಕೇಳಲಿ ಅಂತ ಕೇಳಿದ್ದೀರಿ: ಡೇವಿಡ್ ಗ್ರಿಸ್ಮನ್ ಕ್ವಿಂಟೆಟ್‌ನ 1977ರ ಮೊದಲ ಆಲ್ಬಮ್, ಸ್ಟ್ರೆಂತ್ ಇನ್ ನಂಬರ್ಸ್ ತಂಡದ 1989ರ ‘ದಿ ಟೆಲುರೈಡ್ ಸೆಷನ್ಸ್’, ಬೇಲಾ ಫ್ಲೆಕ್ ಬಳಗದ 2023ರ ‘ಆ್ಯಸ್ ವಿ ಸ್ಪೀಕ್’. ಹಾಡುಗಾರಿಕೆ ಇಷ್ಟಪಡುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಮೂರರಲ್ಲೂ ವಾದ್ಯಗಳದ್ದೇ ಮಾತು.

ಕೇಳಲು ಸುಲಭ ಯಾವುದು? ನನಗೆ ಗ್ರಿಸ್ಮನ್. ಎರಡು ಮ್ಯಾಂಡೊಲಿನ್, ಗಿಟಾರ್, ಪಿಟೀಲು, ಬೇಸ್ ಅಷ್ಟೇ. ಡ್ರಮ್ಸ್ ಇಲ್ಲ. ಮ್ಯಾಂಡೊಲಿನ್ ತಂತಿಯನ್ನು ಮೀಟಿ ತಕ್ಷಣ ಅದುಮುವ ‘ಚಾಪ್’ ಏಟೇ ತಾಳ ಹಿಡಿಯುತ್ತದೆ. ಮಟ್ಟುಗಳು ಬೇಗ ಬಾಯಿಗೆ ಬರುತ್ತವೆ. ಗಿಟಾರ್ ಕಲಿಯುತ್ತಿದ್ದರಂತೂ ಟೋನಿ ರೈಸ್ ಕೈಚಳಕಕ್ಕೇ ಇದನ್ನು ಕೇಳಬೇಕು.

ಆದರೆ ಇದರಲ್ಲಿ ಬ್ಯಾಂಜೊ (ಡೋಲಿನಂಥ ದುಂಡು ಮೈಯ ತಂತಿವಾದ್ಯ) ಇಲ್ಲ! ಬ್ಲೂಗ್ರಾಸ್ ಅಂದರೆ ಬ್ಯಾಂಜೊ ಅಲ್ವಾ ಅನ್ನುವವರು ಟೆಲುರೈಡ್ ಕಡೆ ಹೋಗಿ. ಫ್ಲೆಕ್ ಬ್ಯಾಂಜೊ, ಜೆರ್ರಿ ಡಗ್ಲಸ್ ಡೋಬ್ರೊ (ಲೋಹದ ತಟ್ಟೆಯಿಂದ ನಾದ ಹೊಮ್ಮಿಸುವ ಗಿಟಾರ್), ಸ್ಯಾಮ್ ಬುಷ್ ಮ್ಯಾಂಡೊಲಿನ್ ಅಲ್ಲಿವೆ. ರಚನೆಗಳು ಸ್ವಲ್ಪ ಬಿಗಿ, ಒಂದೇ ಸಲಕ್ಕೆ ದಕ್ಕುವುದಿಲ್ಲ.

ರಾಗ, ತಾಳ ಕೇಳಿ ಬೆಳೆದ ಕಿವಿಯಾದರೆ ಮೂರನೆಯದೇ ಹತ್ತಿರ. ಫ್ಲೆಕ್ ಮತ್ತು ಬೇಸ್‌ನ ಎಡ್ಗರ್ ಮೇಯರ್ ಜೊತೆ ಜಾಕಿರ್ ಹುಸೇನರ ತಬಲಾ, ರಾಕೇಶ್ ಚೌರಾಸಿಯಾ ಕೊಳಲು. ಬ್ಲೂಗ್ರಾಸ್ ವಾಸನೆ ಮಾತ್ರ ಕಡಿಮೆ. ಅದೇ ಬೇಕಿದ್ದವರು ಇದರಿಂದ ಶುರು ಮಾಡಬೇಡಿ.