ಹೊಸ ಡಿಸ್ಕ್ ಪೂರ್ತಿ ನೋಡುವ ತನಕ ಹಳೆಯದನ್ನು ಗುಜರಿಗೆ ಹಾಕಬೇಡಿ

ಹೋದ ವರ್ಷ ದಸರಾಕ್ಕೆ ಮುಂಚೆ ಮನೆ ಕ್ಲೀನ್ ಮಾಡುವಾಗ, ಅಪ್ಪ ಕೂಡಿಟ್ಟಿದ್ದ ವಿಸಿಡಿಗಳನ್ನೆಲ್ಲ ಗುಜರಿಯವರಿಗೆ ಕೊಟ್ಟುಬಿಟ್ಟೆ. ಎರಡು ರಟ್ಟಿನ ಡಬ್ಬ ತುಂಬ ಇದ್ದವು. ಅವುಗಳಲ್ಲಿ ಅಮ್ಮನಿಗೆ ತುಂಬ ಇಷ್ಟವಾದ ಐದು ಹಳೆಯ ಕನ್ನಡ ಚಿತ್ರಗಳು ‘ಫುಲ್ ಎಚ್‌ಡಿ ಬ್ಲೂ-ರೇ’ಯಲ್ಲಿ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಬಂದಿವೆ ಅಂತ ಆನ್‌ಲೈನ್‌ನಲ್ಲಿ ನೋಡಿ ಆಗಲೇ ಆರ್ಡರ್ ಮಾಡಿದ್ದೆ. ಉಳಿದವು ಫೋನಿನಲ್ಲೇ ಸಿಗುತ್ತವಲ್ಲ, ಇನ್ನು ಈ ಡಬ್ಬಗಳು ಅಟ್ಟದ ಮೇಲೆ ಯಾಕೆ ಅಂದುಕೊಂಡೆ. ಆ ತಪ್ಪನ್ನು ನೀವು ಮಾಡಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಚಿತ್ರಗಳ ಹೆಸರನ್ನೂ ಮಾರಿದವರ ಹೆಸರನ್ನೂ ಹೇಳುವುದಿಲ್ಲ. ಚಿತ್ರಗಳದ್ದೇನೂ ತಪ್ಪಿಲ್ಲ. ಹೀಗೆ ಮಾರುವವರು ಇವರೊಬ್ಬರೇ ಅಲ್ಲ.

ಐದು ಡಿಸ್ಕಿನ ಸೆಟ್ಟಿಗೆ 4,500 ರೂಪಾಯಿ. ಪ್ಯಾಕಿನ ಮೇಲೆ ‘ರೀಸ್ಟೋರ್ಡ್’, ‘5.1 ಸೌಂಡ್’, ‘ಕ್ರಿಸ್ಟಲ್ ಕ್ಲಿಯರ್’ ಅಂತೆಲ್ಲ ಇತ್ತು. ಡಿಸ್ಕ್ ಬಂದ ದಿನ ಊಟ ಬೇಗ ಮುಗಿಸಿ ಅಮ್ಮನನ್ನು ಟಿವಿ ಮುಂದೆ ಕೂರಿಸಿದೆ. ಮೊದಲು ಹಾಕಿದ್ದು ಎಪ್ಪತ್ತರ ದಶಕದ ಒಂದು ಕಪ್ಪು ಬಿಳುಪು ಚಿತ್ರ. ಹತ್ತು ನಿಮಿಷ ಆಗಿರಬೇಕು, ಅಮ್ಮ ಕೇಳಿದರು: "ಇದೇನೇ, ಎಲ್ಲರ ತಲೆ ಹಣೆ ಹತ್ತಿರವೇ ಕತ್ತರಿಸಿ ಹೋಗಿದೆ?"

ನಿಜ. ಹತ್ತಿರದ ಶಾಟ್ ಬಂದಾಗಲೆಲ್ಲ ಹಣೆಯ ಮೇಲೆ ಏನೂ ಇಲ್ಲ. ಕುಣಿತ ಬಂದಾಗ ಗೆಜ್ಜೆಯ ಸದ್ದು ಕೇಳುತ್ತದೆ, ಪಾದ ಕಾಣುವುದಿಲ್ಲ. ನಮ್ಮ ಟಿವಿ ಝೂಮ್‌ನಲ್ಲಿದೆಯೇನೋ ಅಂತ ಸೆಟ್ಟಿಂಗ್ ನೋಡಿದೆ. ಸರಿಯಾಗೇ ಇತ್ತು. ನಿಮಗೂ ಹೀಗಾದರೆ ಮೊದಲು ಅದನ್ನೇ ನೋಡಿ, ಎಷ್ಟೋ ಸಲ ಟಿವಿಯೇ ಹಾಗೆ ಮಾಡುತ್ತದೆ. ಇಲ್ಲಿ ಮಾತ್ರ ಡಿಸ್ಕಿನಲ್ಲೇ ಚಿತ್ರವನ್ನು ಕತ್ತರಿಸಿದ್ದರು.

ಆ ಕಾಲದ ಬಹಳಷ್ಟು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯ ಹಾಗಿತ್ತು, ನಾಲ್ಕಕ್ಕೆ ಮೂರು. ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟರೆ ಪೂರ್ತಿ ಚಿತ್ರ ಕಾಣುತ್ತದೆ. ಪಟ್ಟಿ ಕಂಡರೆ ಜನ ಬೈಯುತ್ತಾರೆ ಅಂತ ಚಿತ್ರವನ್ನು ಅಗಲಕ್ಕೆ ಹಿಗ್ಗಿಸಿ, ಮೇಲೆ ಕೆಳಗೆ ಉಳಿದದ್ದನ್ನು ಕತ್ತರಿಸಿ ಎಸೆಯುತ್ತಾರೆ. ಹಾಗೆ ಮಾಡಿದರೆ ಚಿತ್ರದ ಕಾಲು ಭಾಗ ಹೋಗುತ್ತದೆ. ಛಾಯಾಗ್ರಾಹಕರು ಎಷ್ಟು ಯೋಚಿಸಿ ಇಟ್ಟ ಚೌಕಟ್ಟು ಅದು! ನೆಟ್‌ನಲ್ಲಿ ‘ಎಚ್‌ಡಿ’ ಅಂತ ಹಾಕುವ ಹಳೆಯ ಹಾಡುಗಳಲ್ಲೂ ಇದೇ ಕಥೆ, ನೋಡಿರುತ್ತೀರಿ ಅಲ್ವಾ? ತುಂಬ ಅಗಲದ ಸಿನೆಮಾಸ್ಕೋಪ್ ಚಿತ್ರಗಳಿಗೆ ಇದರ ತಿರುಗಾಮುರುಗಾ ಆಗುತ್ತದೆ. ಅಲ್ಲಿ ಎಡಬಲ ಕತ್ತರಿಸುತ್ತಾರೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಉಳಿಯುತ್ತದೆ.

ಎರಡನೆಯ ತೊಂದರೆ ಚಿತ್ರದ ಗುಣಮಟ್ಟ. ಲೆಕ್ಕ ಹಾಕಿದರೆ ಸುಲಭವಾಗಿ ಗೊತ್ತಾಗುತ್ತದೆ. ವಿಸಿಡಿಯ ಒಂದು ಫ್ರೇಮಿನಲ್ಲಿ, ಅಂದರೆ ತೆರೆಯ ಮೇಲೆ ಒಂದು ಕ್ಷಣ ನಿಲ್ಲುವ ಒಂದು ಚಿತ್ರದಲ್ಲಿ, ಸುಮಾರು 1 ಲಕ್ಷ ಚುಕ್ಕೆಗಳಿರುತ್ತವೆ (352×288). ಡಿವಿಡಿಯಲ್ಲಿ 4 ಲಕ್ಷ (720×576). ಬ್ಲೂ-ರೇಯಲ್ಲಿ 20 ಲಕ್ಷಕ್ಕೂ ಜಾಸ್ತಿ (1920×1080). 4ಕೆ ಅಂದರೆ 83 ಲಕ್ಷ. ಹಳೆಯ ರೀಲನ್ನು ಹೊಸದಾಗಿ ಸ್ಕ್ಯಾನ್ ಮಾಡಿ 20 ಲಕ್ಷ ಚುಕ್ಕೆ ತುಂಬಿದರೆ ಅದು ನಿಜವಾದ ಎಚ್‌ಡಿ. ಯಾವುದೋ ಡಿವಿಡಿ ಹಿಡಿದು ಅದರ 4 ಲಕ್ಷವನ್ನು ಕಂಪ್ಯೂಟರಿನಲ್ಲಿ 20 ಲಕ್ಷ ಮಾಡಿದರೆ ಬಾಕಿ 16 ಲಕ್ಷ ಯಂತ್ರದ ಅಂದಾಜು. ಇದಕ್ಕೇ ಅಪ್‌ಸ್ಕೇಲ್ ಅನ್ನುವುದು. ಮಜ್ಜಿಗೆಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಬೆಣ್ಣೆ ಜಾಸ್ತಿ ಆಗುವುದಿಲ್ಲ. ನನಗೆ ಬಂದ ಡಿಸ್ಕಿನಲ್ಲಿ ಸೀರೆಯ ಅಂಚು ನೀರಲ್ಲಿ ಅದ್ದಿದ ಹಾಗಿತ್ತು. ಮುಖದ ಸುತ್ತ ಬೆಳ್ಳಗಿನ ಗೆರೆ. ಡಿಸ್ಕ್ ತಿರುಗಿಸಿ ಬೆಳಕಿಗೆ ಹಿಡಿದರೆ ಬರ್ನ್ ಆದ ಭಾಗ ಎಲ್ಲಿ ಮುಗಿಯುತ್ತದೆ ಅನ್ನುವ ಉಂಗುರ ಸ್ಪಷ್ಟವಾಗಿ ಕಾಣುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚು ಒತ್ತಿದ ಡಿಸ್ಕ್ ಅಲ್ಲ, ಯಾರೋ ಕಂಪ್ಯೂಟರಿನಲ್ಲಿ ಬರ್ನ್ ಮಾಡಿ ಕಳಿಸಿದ್ದು.

ಧ್ವನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಲದಲ್ಲಿ ಒಂದೇ ಟ್ರ್ಯಾಕ್ ಇದ್ದ ಧ್ವನಿಯನ್ನು ಸುಮ್ನೆ ಐದು ದಿಕ್ಕಿಗೆ ಹಂಚಿ 5.1 ಅಂದಿದ್ದರು. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

ಇದೆಲ್ಲವನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ. ಅಮ್ಮ ಒಂದು ಹಾಡಿಗಾಗಿ ಕಾಯುತ್ತಿದ್ದರು. ನಾಯಕಿ ಬಾವಿಕಟ್ಟೆಯ ಮೇಲೆ ಕೂತು ತಂಗಿಗೆ ಜಡೆ ಹೆಣೆಯುತ್ತಾ ಹಾಡುವ ಹಾಡು. ಅಮ್ಮ ಮತ್ತು ದೊಡ್ಡಮ್ಮ ಅರಸೀಕೆರೆ ಕಡೆ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ್ದ ಚಿತ್ರ ಅದು. ದೊಡ್ಡಮ್ಮ ಈಗಿಲ್ಲ. ಅಪ್ಪ ಆ ವಿಸಿಡಿ ತಂದಾಗಿನಿಂದ ಅಮ್ಮ ಎಷ್ಟೋ ಸಲ ಆ ಹಾಡೊಂದನ್ನೇ ಹಾಕಿಸಿಕೊಂಡು ನೋಡಿದ್ದಾರೆ. ಹೊಸ ಡಿಸ್ಕಿನಲ್ಲಿ ನಾಯಕಿ ಹಿತ್ತಲಿಗೆ ಹೋಗುತ್ತಾಳೆ, ಮರುಕ್ಷಣ ಕೋರ್ಟಿನ ದೃಶ್ಯ. ಹಾಡು ಇಲ್ಲ. ಅಮ್ಮ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನೋಡಿ ಎದ್ದು ಒಳಗೆ ಹೋದರು.

ಎಷ್ಟು ಹೋಗಿದೆ ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಈ ಲೆಕ್ಕ ನಿಮಗೂ ಉಪಯೋಗಕ್ಕೆ ಬರುತ್ತದೆ. ಬಹಳಷ್ಟು ಹಳೆಯ ಚಿತ್ರಗಳ ಶುರುವಿನಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರೆ. ಅದರಲ್ಲಿ ರೀಲು ಎಷ್ಟು, ಉದ್ದ ಎಷ್ಟು ಮೀಟರ್ ಅಂತ ಬರೆದಿರುತ್ತದೆ. 35 ಎಂಎಂ ರೀಲು ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ನಮ್ಮ ಡಿಸ್ಕಿನಲ್ಲೇ ಇದ್ದ ಸರ್ಟಿಫಿಕೇಟ್ ಪ್ರಕಾರ ಚಿತ್ರದ ಉದ್ದ 4,110 ಮೀಟರ್. ಅಂದರೆ 150 ನಿಮಿಷ. ಡಿಸ್ಕ್ ಓಡಿದ್ದು 131 ನಿಮಿಷ. ಇಲ್ಲೊಂದು ಮಾತು ನೆನಪಿರಲಿ. ನಮ್ಮ ಕಡೆಯ ಹಳೆಯ ಟಿವಿ ಪದ್ಧತಿ, ಅಂದರೆ ಪಾಲ್, ಸೆಕೆಂಡಿಗೆ 25 ಫ್ರೇಮಿನದ್ದು. ಅದಕ್ಕೆಂದು ಮಾಡಿದ ಪ್ರತಿಯು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತದೆ, ಹಾಡಿನ ಶ್ರುತಿಯೂ ಸ್ವಲ್ಪ ಏರಿರುತ್ತದೆ. ಅದನ್ನು ಕಳೆದರೂ 144 ನಿಮಿಷ ಇರಬೇಕಿತ್ತು. 13 ನಿಮಿಷದ ಚಿತ್ರವನ್ನು ಎಲ್ಲೋ ಕತ್ತರಿಸಿ ಹಾಕಿದ್ದಾರೆ.

ಮಾರಿದವರಿಗೆ ಫೋನ್ ಮಾಡಿದೆ. "ನಮಗೆ ಬಂದ ಮಾಸ್ಟರ್‌ನಲ್ಲಿ ಅಷ್ಟೇ ಇದ್ದದ್ದು ಮೇಡಂ, ಟಿವಿಗೆ ಅಂತ ಮಾಡಿದ್ದು" ಅಂದರು. ದುಡ್ಡು ವಾಪಸ್ ಕೇಳಿದರೆ, ಪ್ಯಾಕ್ ಒಡೆದ ಮೇಲೆ ಆಗುವುದಿಲ್ಲ ಅಂದರು. ಪ್ಯಾಕ್ ಒಡೆಯದೆ ಚಿತ್ರ ಪೂರ್ತಿ ಇದೆಯೋ ಇಲ್ಲವೋ ನೋಡುವುದು ಹೇಗೆ? ಮಾರನೆಯ ದಿನ ಗುಜರಿ ಅಂಗಡಿಗೆ ಓಡಿದೆ. ಪ್ಲಾಸ್ಟಿಕ್ ಆಗಲೇ ಲಾರಿ ಹತ್ತಿ ಹೋಗಿತ್ತು.

ಹಾಗಂತ ಹಳೆಯ ಚಿತ್ರವನ್ನು ಹೊಸ ರೂಪದಲ್ಲಿ ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ 35 ಎಂಎಂ ನೆಗೆಟಿವ್‌ನಲ್ಲಿ ಬ್ಲೂ-ರೇಗೆ ಹಿಡಿಸುವುದಕ್ಕಿಂತ ಜಾಸ್ತಿ ವಿವರ ಅಡಗಿರುತ್ತದೆ. ಅದನ್ನು ಹೊರಗೆ ತೆಗೆಯುವವರು ಬೇಕು, ಅಷ್ಟೇ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನೇ ನೋಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಅದನ್ನು ಹೊಸದಾಗಿ ಉಳಿಸಿಕೊಂಡರು. ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಮಾಡಿದ ಕೆಲಸ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಯಾವ ಮೂಲದಿಂದ, ಯಾರು, ಎಲ್ಲಿ ಅಂತ ಎಲ್ಲವನ್ನೂ ಬಿಚ್ಚಿ ಹೇಳಿದ್ದಾರೆ. ನಿಜವಾದ ಕೆಲಸ ಮಾಡಿದವರು ಹೀಗೆ ಹೇಳಿಕೊಳ್ಳುತ್ತಾರೆ. ಅಂಥದ್ದು ಡಿಸ್ಕಿನಲ್ಲಿ ಬಂದರೆ ಎಷ್ಟೇ ಆಗಲಿ ನಾನು ಕೊಳ್ಳುತ್ತೇನೆ.

‘ಪಥೇರ್ ಪಾಂಚಾಲಿ’ಯಿಂದ ಶುರುವಾಗುವ ಸತ್ಯಜಿತ್ ರಾಯ್ ಅವರ ಮೂರು ಅಪು ಚಿತ್ರಗಳದ್ದು ಇನ್ನೂ ದೊಡ್ಡ ಕಥೆ. ಮೂರೂ ಚಿತ್ರಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರ ಬೆಂಕಿಗೆ ಸಿಕ್ಕಿ ಸುಟ್ಟಿದ್ದವು. ಉಳಿದಷ್ಟನ್ನು ಇಟಲಿಯ ಬೊಲೊನ್ಯಾದಲ್ಲಿ ಕೈಯಿಂದಲೇ ರಿಪೇರಿ ಮಾಡಿ, ಕೆಟ್ಟು ಹೋದ ಕಡೆ ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಹೊಸದಾಗಿ ಹೊರತಂದರು. ಅಕ್ಕ ಮತ್ತು ಭಾವ ನ್ಯೂಜೆರ್ಸಿಯಿಂದ ಬರುವಾಗ ಆ ಬ್ಲೂ-ರೇ ಸೆಟ್ ತಂದುಕೊಟ್ಟರು. ನಮ್ಮ ಪ್ಲೇಯರಿನಲ್ಲಿ ಓಡಲಿಲ್ಲ! ಬ್ಲೂ-ರೇಗೆ ರೀಜನ್ ಕೋಡ್ ಇದೆ, ಅಂದರೆ ಯಾವ ಭಾಗದ ಪ್ಲೇಯರಿನಲ್ಲಿ ಓಡಬೇಕು ಅನ್ನುವ ಗುರುತು. ಅಮೆರಿಕ ‘ಎ’, ಭಾರತ ‘ಸಿ’. ಡಿವಿಡಿಗೂ ಹಾಗೆಯೇ, ಅಮೆರಿಕ 1, ಭಾರತ 5. 4ಕೆ ಬ್ಲೂ-ರೇಗೆ ಮಾತ್ರ ಈ ಬೇಲಿ ಇಲ್ಲ. ಆದರೆ ಅದಕ್ಕೆ ಬೇರೆ ಪ್ಲೇಯರೇ ಬೇಕು, ಮತ್ತು ಅದೇ ಪ್ಯಾಕಿನಲ್ಲಿ ಜೊತೆಗಿರುವ ಮಾಮೂಲಿ ಬ್ಲೂ-ರೇಗೆ ಕೋಡ್ ಇರಬಹುದು. ಹೊರದೇಶದಲ್ಲಿರುವ ನಮ್ಮವರು ಊರಿಗೆ ಬರುವಾಗ ಪ್ರೀತಿಯಿಂದ ತರುತ್ತಾರೆ. ತರುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ.

ದೊಡ್ಡ ಸ್ಟುಡಿಯೋ, ಅಚ್ಚು ಒತ್ತಿದ ಡಿಸ್ಕ್ ಅಂದಮಾತ್ರಕ್ಕೂ ನಂಬಬೇಡಿ. ಹಾಲಿವುಡ್ಡಿನ ‘ಪ್ರಿಡೇಟರ್’ 2010ರಲ್ಲಿ ಬ್ಲೂ-ರೇಯಲ್ಲಿ ಎರಡನೇ ಸಲ ಬಂದಾಗ ರೀಲಿನ ಗ್ರೇನ್ (ರವೆಯಂಥ ಕಣ) ಪೂರ್ತಿ ಉಜ್ಜಿ ತೆಗೆದಿದ್ದರು. ಪಾತ್ರಗಳ ಮುಖ ಮೇಣದ ಗೊಂಬೆಯ ಹಾಗಾಯಿತು ಅಂತ ಕೊಂಡವರೆಲ್ಲ ಬೇಜಾರು ಮಾಡಿಕೊಂಡರು. ತೆರೆಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದು ಕೊಳೆ ಅಲ್ಲ. ಚಿತ್ರ ಆಗಿರುವುದೇ ಆ ರವೆಯಿಂದ. ಅದನ್ನು ತೆಗೆದರೆ ಚರ್ಮದ ಸುಕ್ಕು, ಬಟ್ಟೆಯ ನೇಯ್ಗೆ ಎಲ್ಲವೂ ಅದರ ಜೊತೆಗೆ ಹೋಗುತ್ತದೆ. ಇನ್ನು ಶೂಟಿಂಗೇ ಕಡಿಮೆ ಗುಣಮಟ್ಟದ ವಿಡಿಯೋದಲ್ಲಿ ಆಗಿದ್ದರೆ 4ಕೆ ಡಿಸ್ಕಿಗೆ ದುಡ್ಡು ಕೊಡುವುದು ದಂಡ. ಬ್ರಿಟನ್ನಿನ ‘28 ಡೇಸ್ ಲೇಟರ್’ ಬಹುಪಾಲು ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದದ್ದು. ಮೂಲದಲ್ಲಿ ಇಲ್ಲದ ಚುಕ್ಕೆ ಎಲ್ಲಿಂದ ಬರಬೇಕು?

ಬಣ್ಣ ತುಂಬುವುದು ಬೇರೆಯೇ ವಿಷಯ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ತೆರೆಗೆ ಬಂದವು. ಜನ ಖುಷಿಯಿಂದ ನೋಡಿದರು, ನಾವೂ ಹೋಗಿದ್ದೆವು. ಆದರೆ ಬಣ್ಣದ್ದು ಮನೆಗೆ ಬಂತು ಅಂತ ಕಪ್ಪು ಬಿಳುಪಿನ ಪ್ರತಿಯನ್ನು ಕಳೆದುಕೊಳ್ಳಬೇಡಿ. ಆ ಬೆಳಕು ನೆರಳು ಇರುವುದು ಅದರಲ್ಲೇ.

ಈಗ ನಾನೇನು ಮಾಡುತ್ತೇನೆ ಅಂದರೆ, ಕೊಳ್ಳುವ ಮುಂಚೆ ಮಾರುವವರಿಗೆ ಬರೆದು ಕೇಳುತ್ತೇನೆ: ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ್ದಾ, ಪ್ರಿಂಟ್‌ನಿಂದಲಾ, ಟಿವಿಯ ಟೇಪಿನಿಂದಲಾ? ಚಿತ್ರ ಎಷ್ಟು ನಿಮಿಷ ಇದೆ? ಚೌಕಟ್ಟು ಮೂಲದ್ದೇ? ಒತ್ತಿದ ಡಿಸ್ಕೋ, ಬರ್ನ್ ಮಾಡಿದ್ದೋ? ಉತ್ತರ ಬರಲಿಲ್ಲ ಅಂದರೆ ಕೊಳ್ಳುವುದಿಲ್ಲ. ಬಂದ ಉತ್ತರವನ್ನು ಇಟ್ಟುಕೊಳ್ಳುತ್ತೇನೆ, ನಾಳೆ ದುಡ್ಡು ವಾಪಸ್ ಕೇಳಲು ಬೇಕಾಗುತ್ತದೆ. ಪ್ಯಾಕ್ ಒಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡುತ್ತೇನೆ. ಪೂರ್ತಿ ಚಿತ್ರ, ಹಾಡು ಬಿಡದೆ, ಒಂದು ಸಲ ಕೂತು ನೋಡುತ್ತೇನೆ. ಆಮೇಲೂ ಹಳೆಯದನ್ನು ಎಸೆಯುವುದಿಲ್ಲ.

ಹಳೆಯದೂ ಶಾಶ್ವತ ಅಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅಪ್ಪ ಇದೇ ಚಿತ್ರದ ವಿಸಿಡಿ ಸೆಟ್ ಒಂದನ್ನು ದೊಡ್ಡಮ್ಮನಿಗೂ ಕೊಟ್ಟಿದ್ದರು. ಅರಸೀಕೆರೆಯಲ್ಲಿರುವ ದೊಡ್ಡಮ್ಮನ ಮಗ ಅಣ್ಣ ಅದನ್ನು ಹುಡುಕಿ ಕಳಿಸಿಕೊಟ್ಟ. ಮೂರು ಡಿಸ್ಕ್. ಒಂದನೆಯದು, ಮೂರನೆಯದು ಚೆನ್ನಾಗಿವೆ. ಎರಡನೆಯದನ್ನು ಲೈಟಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಸಿಡಿ, ವಿಸಿಡಿಗಳಲ್ಲಿ ಹೊಳೆಯುವ ಪದರ ಇರುವುದು ಚಿತ್ರದ ಹೆಸರು ಅಚ್ಚಾದ ಮೇಲ್ಭಾಗದ ಕೆಳಗೇ, ತೆಳ್ಳಗಿನ ಮೆರುಗಿನ ಆಸರೆಯಲ್ಲಿ. ಡಿವಿಡಿಯಲ್ಲಾದರೆ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುತ್ತದೆ. ಹಾಗಾಗಿ ವಿಸಿಡಿಯ ಕೆಳಭಾಗ ಎಷ್ಟೇ ಜೋಪಾನ ಮಾಡಿದರೂ ಮೇಲ್ಭಾಗ ಕೆರೆದರೆ, ತೇವ ತಗುಲಿದರೆ, ಚಿತ್ರ ಹೋಯಿತು. ನಿಮ್ಮ ಮನೆಯಲ್ಲಿ ವಿಸಿಡಿಗಳಿದ್ದರೆ ಈ ಭಾನುವಾರವೇ ಕಂಪ್ಯೂಟರಿಗೆ ಹಾಕಿ. ‘ಎಂಪೆಗ್‌ಎವಿ’ (MPEGAV) ಅನ್ನುವ ಫೋಲ್ಡರಿನಲ್ಲಿ ‘ಡಿಎಟಿ’ (DAT) ಫೈಲ್ ಇರುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ವಿಎಲ್‌ಸಿ (VLC) ಅನ್ನುವ ಉಚಿತ ವಿಡಿಯೋ ಪ್ಲೇಯರಿನಲ್ಲಿ ಓಡುತ್ತದೆ.

ಬಾವಿಕಟ್ಟೆಯ ಹಾಡು ಇರುವುದು ಎರಡನೇ ಡಿಸ್ಕಿನಲ್ಲಿ. ಪಲ್ಲವಿ ಬರುತ್ತದೆ, ಮೊದಲ ಚರಣ ಮುಗಿಯುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಾಡು ಕೇಳಲು ಎಲ್ಲ ಕಡೆ ಸಿಗುತ್ತದೆ, ನೋಡಲು ಸಿಗುತ್ತಿಲ್ಲ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಹಾಗಾಗಿ ಗೊತ್ತಿದ್ದವರ ಮನೆಯ ಹಳೆಯ ಕಂಪ್ಯೂಟರುಗಳಲ್ಲೆಲ್ಲ ಹಾಕಿ ನೋಡುತ್ತಿದ್ದೇನೆ. ಇದುವರೆಗೆ ಮೂರು ಆಗಿವೆ. ಮೂರನೆಯದರಲ್ಲಿ ಎರಡು ಸಾಲು ಜಾಸ್ತಿ ಬಂತು.